ವಾರಾನ್ನದ ಏಳು ಮನೆ, ಮೆಸ್ಸಿನ ಆರು ಟೇಬಲ್

ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಈ ವರ್ಷ ಕಾಲೇಜು ಹಾಸ್ಟೆಲ್ ಸೇರ್ತಿರೋ ಮಕ್ಕಳು ನಿಮ್ಮ ಮನೇಲಿದ್ರೆ, ಕೇರೀಲಿದ್ರೆ, ಅವರಿಗೂ ಓದಿಸಿ.

ಹಾಸ್ಟೆಲ್ ಅಡ್ಮಿಷನ್ ಕಾಗದಗಳ ಜೊತೆ ಈಗ ಒಂದು ಮೆಸ್ ಫಾರ್ಮ್ ಬರುತ್ತೆ. ವೆಜ್, ನಾನ್‌ವೆಜ್, ಕೆಲವು ಕಡೆ ಜೈನ್ ಊಟ. ತಿಂಗಳ ಲೆಕ್ಕವೋ, ಸೆಮಿಸ್ಟರ್‌ಗೆ ಒಟ್ಟಿಗೆ ಕಟ್ಟೋದೋ, ಕೂಪನ್ನೋ. ಎಲ್ಲದರ ಮುಂದೆ ಒಂದು ಚೌಕ, ಟಿಕ್ ಹಾಕಿದ್ರೆ ಮುಗೀತು. ಮೇಲೆ 'ನಿಮ್ಮ ಆಯ್ಕೆ' ಅಂತ ಬರೆದಿರುತ್ತೆ. ಮೊದಲನೇ ತಲೆಮಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಮಕ್ಕಳು ಅದನ್ನ ಹೋಟೆಲ್ ಮೆನು ಥರ ನೋಡ್ತಾರೆ. ಅವರ ತಪ್ಪಲ್ಲ. ಆದ್ರೆ ಆ ಚೌಕಗಳ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕತೆ ಇದೆ. ನಮ್ಮ ದೇಶದಲ್ಲಿ ವಿದ್ಯಾರ್ಥಿಯ ಊಟದ ಜಗಳ ತಟ್ಟೇಲಿ ಏನಿದೆ ಅನ್ನೋದರಿಂದ ಶುರುವಾದದ್ದು ಬಹಳ ಕಡಿಮೆ. ಪಕ್ಕದಲ್ಲಿ ಯಾರು ಕೂತಿದ್ದಾರೆ, ಆ ತಟ್ಟೇಲಿ ಮೊದಲು ಯಾರು ಉಂಡಿದ್ರು, ಅದನ್ನ ತೊಳೆಯೋರು ಯಾರು, ಜಗಳ ಶುರುವಾಗೋದು ಅಲ್ಲಿಂದ.

ನಮ್ಮ ನಾಡಿನ ವಿದ್ಯಾರ್ಥಿಗಳ ಮೊದಲ 'ಮೀಲ್ ಪ್ಲಾನ್' ಯಾವುದು ಗೊತ್ತಾ? ವಾರಾನ್ನ. ಹಳೇ ತಲೆಮಾರಿನ ಲೇಖಕರ ಆತ್ಮಕತೆ ಓದಿದವರಿಗೆ ಈ ಪದ ಹೊಸದಲ್ಲ. ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಧಾರವಾಡಕ್ಕೋ ಓದಲು ಬಂದ ಬಡ ಬ್ರಾಹ್ಮಣ ಹುಡುಗ ಏಳು ಮನೆ ಗೊತ್ತು ಮಾಡ್ಕೊಳ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ದೂರದ ನೆಂಟರ ಮನೆ, ಬುಧವಾರ ಮೇಷ್ಟ್ರ ಮನೆ, ಹೀಗೆ ವಾರ ತುಂಬಿಸಬೇಕು. ಒಂದು ಮನೆ ತಪ್ಪಿದ್ರೆ ಆ ದಿನ ಹೊಟ್ಟೆಗಿಲ್ಲ. ಆ ಮನೆಯವರ ಮುಖ ನೋಡ್ಕೊಂಡು, ಬಾವಿಯಿಂದ ನೀರು ಸೇದಿ ಕೊಟ್ಟು, ಅಂಗಡಿಗೆ ಓಡಿ, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಉಣ್ಣಬೇಕು. ಅವಮಾನ ಇತ್ತು, ಒಪ್ಪುತ್ತೇನೆ. ಬಡತನದ ಅವಮಾನವನ್ನ ಗೇಲಿ ಮಾಡೋ ದರ್ದು ನಮಗಿಲ್ಲ.

ಆದ್ರೆ ಲೆಕ್ಕ ನೋಡಿ. ಒಂದು ಪೈಸೆ ಇಲ್ಲದ ಹುಡುಗನಿಗೆ ಅಪರಿಚಿತ ಪಟ್ಟಣದಲ್ಲಿ ಏಳು ಬಾಗಿಲು ತೆರೀತಿದ್ವು. ಆ ಬಾಗಿಲ ಕೀಲಿ ಯಾವುದು? ಹುಡುಗನ ಜಾತಿ. ಕೆಲವು ಮನೆಗಳಲ್ಲಿ ಜಾತಿ ಸಾಲದು, ಪಂಗಡವೂ ಹೊಂದಬೇಕು. ಇದಕ್ಕೆ ಯಾರೂ ಅವತ್ತು 'ಮೀಸಲಾತಿ' ಅನ್ನಲಿಲ್ಲ. 'ವಿದ್ಯಾದಾನ, ಅನ್ನದಾನ' ಅಂದ್ರು. ಪ್ರತಿಭೆಯಿಂದ ಮೇಲೆ ಬಂದೆವು ಅಂತ ಈಗಲೂ ಭಾಷಣ ಮಾಡೋರ ಅಜ್ಜಂದಿರ ಓದಿನ ಅಡಿಪಾಯದಲ್ಲಿ ಈ ಏಳು ಮನೆಯ ಅನ್ನ ಇದೆ. ಅದೇ ವರ್ಷ, ಅದೇ ಊರಿಗೆ, ಅಷ್ಟೇ ಬುದ್ಧಿ ಇರೋ ಒಬ್ಬ ಹೊಲೆಯರ, ಮಾದಿಗರ ಹುಡುಗ ಬಂದಿದ್ರೆ? ಅವನಿಗೆ ವಾರದ ಏಳು ದಿನವೂ ಶನಿವಾರದ ಒಪ್ಪತ್ತೇ. ಶಾಲೆ ಬಾಗಿಲು ಕಾನೂನಲ್ಲಿ ತೆರೆದ ಮೇಲೂ ನಮ್ಮ ಮಕ್ಕಳು ಅರ್ಧಕ್ಕೇ ವಾಪಸಾದದ್ದಕ್ಕೆ ಮೇಷ್ಟ್ರ ಬೆತ್ತ ಒಂದೇ ಕಾರಣ ಅಲ್ಲ. ರಾತ್ರಿ ಎಲ್ಲಿ ಮಲಗೋದು, ಏನು ಉಣ್ಣೋದು ಅನ್ನೋದಕ್ಕೆ ಉತ್ತರ ಇರಲಿಲ್ಲ.

ಬೇರೆ ಜಾತಿಗಳವರು ಇದನ್ನ ಬೇಗ ಅರ್ಥ ಮಾಡ್ಕೊಂಡ್ರು. ಬ್ರಾಹ್ಮಣರ ಮನೆಯ ಪಂಕ್ತಿಯಲ್ಲಿ ತಮಗೂ ಜಾಗ ಇಲ್ಲ ಅಂತ ಗೊತ್ತಿದ್ದ ಒಕ್ಕಲಿಗರು, ಲಿಂಗಾಯತರು 20ನೇ ಶತಮಾನದ ಶುರುವಿನಲ್ಲೇ ಸಂಘ ಕಟ್ಟಿದ್ರು, ಹಾಸ್ಟೆಲ್ ಕಟ್ಟಿದ್ರು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಚಿತ್ರದುರ್ಗದ ಜಯದೇವ ಸ್ವಾಮಿಗಳು, ಧಾರವಾಡದ ಮುರುಘಾಮಠ, ಆಮೇಲೆ ಸಿದ್ಧಗಂಗೆ, ಈ 'ಪ್ರಸಾದ ನಿಲಯ'ಗಳ ಅನ್ನ ಉಂಡು ಓದಿದವರು ಲಕ್ಷಾಂತರ. ಸಿದ್ಧಗಂಗೆಯಂಥ ಕಡೆ ಎಲ್ಲ ಜಾತಿಯ ಮಕ್ಕಳೂ ಉಂಡರು, ನಮ್ಮವರೂ ಉಂಡರು. ಆ ಋಣ ಇಲ್ಲ ಅನ್ನೋ ಮಾತೇ ಇಲ್ಲ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೂ ಒಂದೊಂದು ಬೋರ್ಡಿಂಗ್ ತೆರೆಸುತ್ತಾ ಹೋದರು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ. ಅಸ್ಪೃಶ್ಯ ಮಕ್ಕಳಿಗೆ 1908ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಜಾತಿಗೊಂದು ಹಾಸ್ಟೆಲ್ ಅಂದ್ರೆ ಜಾತಿಯನ್ನ ಗಟ್ಟಿ ಮಾಡಿದ ಹಾಗಲ್ವಾ ಅಂತ ಕೇಳೋರಿದ್ದಾರೆ. ಒಂದೇ ಪಂಕ್ತಿ ಸಾಧ್ಯ ಇಲ್ಲದ ಊರಲ್ಲಿ ಮೊದಲು ಅನ್ನ ಸಿಗಲಿ ಅಂತ ಮಾಡಿದ ಕೆಲಸ ಅದು. ನನಗಂತೂ ಶಾಹು ಮಾಡಿದ್ದು ಸರಿ.

ಈಗ ಒಬ್ಬ ಹುಡುಗನ ಕತೆ ಹೇಳ್ತೀನಿ. ಬಂಗಾಳದವನು. ಹೆಸರು ಮೇಘನಾದ ಸಹಾ. ಭೌತಶಾಸ್ತ್ರ ಓದಿದವರಿಗೆ ಸಹಾ ಸಮೀಕರಣ ಗೊತ್ತಿರುತ್ತೆ. ನಕ್ಷತ್ರದ ಬೆಳಕನ್ನ ನೋಡಿ ಅದರ ಉಷ್ಣಾಂಶ, ಅದರೊಳಗಿನ ಧಾತುಗಳ ಸ್ಥಿತಿ ಲೆಕ್ಕ ಹಾಕೋ ದಾರಿ ತೋರಿಸಿದ್ದು ಅದು, 1920ರಲ್ಲಿ. ಈತ ಹುಟ್ಟಿದ್ದು 1893ರಲ್ಲಿ, ಢಾಕಾ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪನಿಗೆ ಸಣ್ಣ ಕಿರಾಣಿ ಅಂಗಡಿ. ಜಾತಿ, ಹೆಂಡ ಮಾರೋರು ಅಂತ ಮೇಲ್ಜಾತಿಗಳು ದೂರ ಇಟ್ಟಿದ್ದ ಶುಂಡಿ. ಹಳ್ಳಿಯಿಂದ ಕೆಲವು ಮೈಲಿ ದೂರದ ಸಿಮುಲಿಯಾದಲ್ಲಿ ಮುಂದಿನ ಶಾಲೆ. ಅಲ್ಲಿ ಅನಂತಕುಮಾರ ದಾಸ್ ಅನ್ನೋ ವೈದ್ಯರು ಹುಡುಗನಿಗೆ ಬಿಟ್ಟಿ ಊಟ, ವಸತಿ ಕೊಟ್ಟರು. ದೊಡ್ಡ ಮನಸ್ಸು, ಸಂಶಯವಿಲ್ಲ. ಆದ್ರೆ ಷರತ್ತಿತ್ತು. ಮನೆಯ ಹಸು ನೋಡ್ಕೊಳ್ಳಬೇಕು, ಮತ್ತೆ ಉಂಡ ತಟ್ಟೆಯನ್ನ ತಾನೇ ತೊಳೀಬೇಕು.

ಉಂಡ ತಟ್ಟೆ ತಾನೇ ತೊಳೆಯೋದು ಒಳ್ಳೇ ಅಭ್ಯಾಸ ಅಲ್ವಾ ಅಂತ ಯಾರಾದ್ರೂ ಕೇಳಬಹುದು. ಒಳ್ಳೇದೇ, ಎಲ್ಲರೂ ತೊಳೆದ್ರೆ. ಒಬ್ಬನೇ ತೊಳೆಯಬೇಕು ಅಂದ್ರೆ ಅದರ ಅರ್ಥ ಬೇರೆ. ನಮ್ಮ ಹಳ್ಳಿ ಹೋಟೆಲ್‌ಗಳ ಸೂರಿಗೆ ಸಿಕ್ಕಿಸಿದ್ದ ಬೇರೆ ಲೋಟ ನೋಡಿದವರಿಗೆ ಇದನ್ನ ವಿವರಿಸೋದು ಬೇಕಾಗಿಲ್ಲ.

ಆ ಹುಡುಗ ಓದಿ ಗೆದ್ದು 1911ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜು ಸೇರ್ತಾನೆ. ಪಾಠ ಮಾಡ್ತಿದ್ದವರು ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್. ಸಹಪಾಠಿ ಸತ್ಯೇಂದ್ರನಾಥ ಬೋಸ್. ಭಾರತದಲ್ಲಿ ಅವತ್ತಿಗೆ ಇದಕ್ಕಿಂತ ಎತ್ತರದ ತರಗತಿ ಇರಲಿಕ್ಕಿಲ್ಲ. ಸಂಜೆ ಅದೇ ಹುಡುಗ ಈಡನ್ ಹಿಂದೂ ಹಾಸ್ಟೆಲ್‌ಗೆ ಬಂದ್ರೆ, ಇವನ ಜೊತೆ ಒಂದೇ ಊಟದ ಮನೆಯಲ್ಲಿ ಕೂರಲ್ಲ ಅಂತ ಮೇಲ್ಜಾತಿಯ ಹುಡುಗರ ತಗಾದೆ. ಸರಸ್ವತಿ ಪೂಜೆಯಲ್ಲೂ ಹತ್ತಿರ ಸೇರಿಸಲಿಲ್ಲ. ವಿದ್ಯೆಯ ದೇವತೆಯನ್ನ ಮುಟ್ಟಬಾರದವನು ಮುಂದೆ ನಕ್ಷತ್ರಗಳನ್ನ ಲೆಕ್ಕಕ್ಕೆ ತಂದ. 1952ರಲ್ಲಿ ಲೋಕಸಭೆಗೂ ಗೆದ್ದು ಹೋದ. ಅವನ ತರಗತಿಯಲ್ಲಿ ಸಮಾನತೆ ಇತ್ತು ಅಂತಲೇ ಇಟ್ಕೊಳ್ಳೋಣ, ಮೆಸ್ಸಲ್ಲಿ ಇರಲಿಲ್ಲ. ಕ್ಯಾಂಪಸ್ಸಿನ ಜಾತಿ ಗೊತ್ತಾಗಬೇಕು ಅಂದ್ರೆ ಕ್ಲಾಸ್‌ರೂಮಿಗೆ ಹೋಗಬೇಡಿ, ಊಟದ ಹೊತ್ತಿಗೆ ಹೋಗಿ ಅಂತ ನಾನು ಹುಡುಗರಿಗೆ ಹೇಳೋದು ಇದಕ್ಕೇ.

ಮೆಸ್ಸಿನ ಒಂದು ಜಗಳ ಇಡೀ ದಕ್ಷಿಣ ಭಾರತದ ರಾಜಕಾರಣವನ್ನೇ ತಿರುಗಿಸಿದ್ದೂ ಉಂಟು. ತಿರುನೆಲ್ವೇಲಿ ಜಿಲ್ಲೆಯ ಚೇರನ್‌ಮಹಾದೇವಿಯಲ್ಲಿ ವಿ.ವಿ.ಎಸ್. ಅಯ್ಯರ್ ಒಂದು ಗುರುಕುಲ ನಡೆಸ್ತಿದ್ದರು. ಅಯ್ಯರ್ ಸಾಮಾನ್ಯರಲ್ಲ, ಬ್ರಿಟಿಷರ ವಿರುದ್ಧ ಕ್ರಾಂತಿಕಾರಿಯಾಗಿದ್ದವರು. ಗುರುಕುಲ 1922ರಲ್ಲಿ ಶುರುವಾಯ್ತು, ರಾಷ್ಟ್ರೀಯ ಶಿಕ್ಷಣದ ಹೆಸರಲ್ಲಿ. ತಮಿಳುನಾಡು ಕಾಂಗ್ರೆಸ್ 10,000 ರೂಪಾಯಿ ಕೊಡಲು ಒಪ್ಪಿತು, ಅದರಲ್ಲಿ 5,000 ಮೊದಲ ಕಂತು. ಜಾತಿಯ ಸೋಂಕಿಲ್ಲದ ದೇಶಭಕ್ತ ಮಕ್ಕಳನ್ನ ತಯಾರು ಮಾಡೋ ಜಾಗ ಅಂತ ಎಲ್ಲರೂ ಹಣ ಕೊಟ್ಟರು. ಅಲ್ಲಿ ಇಬ್ಬರು ಬ್ರಾಹ್ಮಣ ಹುಡುಗರಿಗೆ ಬೇರೆ ಊಟ. ಅವರ ಹೆತ್ತವರು ಕೇಳಿಕೊಂಡಿದ್ದರಂತೆ. ಇಬ್ಬರೇ ಇಬ್ಬರು. ಉಳಿದವರೆಲ್ಲ ಒಟ್ಟಿಗೆ ಉಣ್ಣೋರು.

ಇಬ್ಬರು ಹುಡುಗರು ಬೇರೆ ಕೂತು ಉಂಡ್ರೆ ಯಾರ ಗಂಟು ಹೋಗುತ್ತೆ? ಇವತ್ತೂ ಕೇಳೋ ಪ್ರಶ್ನೆ ಇದೇ. ಆಗ ಪ್ರದೇಶ ಕಾಂಗ್ರೆಸ್ಸಿನ ಕಾರ್ಯದರ್ಶಿಯಾಗಿದ್ದವರು ಈರೋಡಿನ ರಾಮಸ್ವಾಮಿ, ಅಂದ್ರೆ ಪೆರಿಯಾರ್. ಅವರ ಮನೆಮಾತು ಕನ್ನಡ ಅನ್ನೋದನ್ನ ನಮ್ಮವರು ಆಗಾಗ ಮರೀತಾರೆ. ಅವರು, ವರದರಾಜುಲು ನಾಯ್ಡು, ಎಸ್. ರಾಮನಾಥನ್ ಹಟ ಹಿಡಿದ್ರು. ಸಾರ್ವಜನಿಕ ದುಡ್ಡಲ್ಲಿ ನಡೆಯೋ ಸಂಸ್ಥೆಯಲ್ಲಿ ಒಂದೇ ಒಂದು ಬೇರೆ ಎಲೆ ಹಾಕೋ ಹಾಗಿಲ್ಲ. ವಿಷಯ ಗಾಂಧಿಯವರ ತನಕ ಹೋಯ್ತು. ಈಗಾಗಲೇ ಮಾತು ಕೊಟ್ಟಿರೋ ಇಬ್ಬರು ಹುಡುಗರಿಗೆ ಹಾಗೇ ನಡೀಲಿ, ಇನ್ನು ಮುಂದೆ ಸೇರೋರೆಲ್ಲ ಒಟ್ಟಿಗೆ ಉಣ್ಣಲಿ ಅನ್ನೋ ಅರ್ಥದ ರಾಜಿಸೂತ್ರ ಅವರದು. ರಾಜಿ ಆಗಲಿಲ್ಲ. ಹುಟ್ಟಿನಿಂದ ಮೇಲುಕೀಳು ಇಲ್ಲ ಅನ್ನೋ ನಿರ್ಣಯಕ್ಕೆ ಪ್ರದೇಶ ಸಮಿತಿಯಲ್ಲೇ ಕೆಲವು ದೊಡ್ಡವರು ಮುನಿಸಿಕೊಂಡು ರಾಜೀನಾಮೆ ಕೊಟ್ಟರು. 1925ರ ಜೂನ್‌ನಲ್ಲಿ ಅಯ್ಯರ್ ಜಲಪಾತದಲ್ಲಿ ಬಿದ್ದು ತೀರಿಕೊಂಡರು. ಅದೇ ವರ್ಷದ ಕೊನೆಗೆ ಕಾಂಚೀಪುರದ ಸಮ್ಮೇಳನದಲ್ಲಿ ಪೆರಿಯಾರ್ ಕಾಂಗ್ರೆಸ್ ಬಿಟ್ಟರು. ಸ್ವಾಭಿಮಾನ ಚಳವಳಿಯ ಮುನ್ನುಡಿಯಲ್ಲಿ ಈ ಮಕ್ಕಳ ಊಟದ ಎಲೆ ಇದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಆ ಜಗಳದ ಮುಖ್ಯ ಕಕ್ಷಿದಾರರು ಬ್ರಾಹ್ಮಣರು ಮತ್ತು ಬ್ರಾಹ್ಮಣೇತರರು. ನಮ್ಮ ಮಕ್ಕಳ ಎಲೆ ಎಲ್ಲಿ ಹಾಕಬೇಕು ಅನ್ನೋದು ಆ ಚರ್ಚೆಯ ಮುಂಚೂಣಿಗೆ ಬರಲೇ ಇಲ್ಲ. ಆದರೂ ಚೇರನ್‌ಮಹಾದೇವಿಯಿಂದ ಕಲೀಬೇಕಾದ್ದು ಬಹಳ ಇದೆ. ಪೆರಿಯಾರ್‌ಗೆ ಆ ಇಬ್ಬರು ಏನು ತಿಂತಾರೆ ಅನ್ನೋದು ಮುಖ್ಯವೇ ಆಗಿರಲಿಲ್ಲ. ಯಾರ ದುಡ್ಡು, ಯಾರ ಕಟ್ಟಡ, ಅಲ್ಲಿ ಬೇರೆ ಸಾಲು ಯಾಕೆ ಅಂತಷ್ಟೇ ಕೇಳಿದ್ದು.

ಬಾಬಾಸಾಹೇಬರು ಹಿಡಿದ ದಾರಿ ಇನ್ನೊಂದು. ಕೊಲಂಬಿಯಾ ವಿಶ್ವವಿದ್ಯಾಲಯದ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಪಾರ್ಸಿ ಗೆಳೆಯ ನವಲ್ ಭಥೇನಾ ಜೊತೆ ಇದ್ದು ಓದಿದವರು, 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದರೆ ತಲೆ ಮೇಲೊಂದು ಸೂರು ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಓಡಿಸಿದ್ರು. ವಸತಿ, ಊಟ ಇಲ್ಲದೆ ಡಿಗ್ರಿ ಏನು ಬೆಲೆ ಅಂತ ಅವರಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು, ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲ್. 1928ರಲ್ಲಿ ಹಿಂದುಳಿದ ವರ್ಗಗಳ ಶಿಕ್ಷಣ ಸಂಸ್ಥೆ. ಅದರ ಹಾಸ್ಟೆಲ್‌ಗಳ ಪಟ್ಟಿಯಲ್ಲಿ ನಮ್ಮ ಧಾರವಾಡ ಇದೆ. ಕೊಪ್ಪದಕೇರಿಯಲ್ಲಿ ಈಗ ಬುದ್ಧರಕ್ಖಿತ ಅನ್ನೋ ಹೆಸರಿನಲ್ಲಿರೋ ವಸತಿ ಶಾಲೆಯ ಬೇರು ಬಾಬಾಸಾಹೇಬರ ಆ ಕೆಲಸದಲ್ಲಿದೆ. ಧಾರವಾಡಕ್ಕೆ ಹೋದಾಗ ಪೇಡಾ ಅಂಗಡಿಗೆ ಹೋಗೋರು ಒಂದು ಸಲ ಅಲ್ಲಿಗೂ ಹೋಗಿಬನ್ನಿ.

ಅವರಿಗಿಂತ ಮೊದಲು ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ಕೆಲಸ ಶುರು ಮಾಡಿದ್ದರು, ಸ್ವಂತ ಜಾತಿಯಿಂದ ಬಹಿಷ್ಕಾರ ಹಾಕಿಸಿಕೊಂಡು. ಮೈಸೂರು ಸೀಮೆಯಲ್ಲಿ ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್, ಹುಬ್ಬಳ್ಳಿಯಲ್ಲಿ ಬಾಲಿಕಾಶ್ರಮ ನಡೆಸಿದ ಸರ್ದಾರ್ ವೀರನಗೌಡ ಪಾಟೀಲ, ನಾಗಮ್ಮ ದಂಪತಿ. ಇವರ ಬಗ್ಗೆ ಪ್ರತ್ಯೇಕವಾಗಿ ಬರೀಬೇಕು, ಇಲ್ಲಿ ಹೆಸರು ಹೇಳಿ ಮುಂದೆ ಹೋಗ್ತಿದೀನಿ.

1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, ಪರಿಶಿಷ್ಟ ಜಾತಿಗಳಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಬಂತು. ಅದು ಫೀಸಿಗೆ ಮಾತ್ರ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದರ ಇನ್ನೊಂದು ಭಾಗ ನಿರ್ವಹಣಾ ಭತ್ಯೆ, ಅಂದ್ರೆ ಹೊಟ್ಟೆಯ ಖರ್ಚು. ವಾರಾನ್ನದ ಏಳು ಮನೆ ಇಲ್ಲದವರಿಗೆ ಸರ್ಕಾರವೇ ಆ ಮನೆ ಆಗಬೇಕು ಅನ್ನೋ ವಿಚಾರ ಅದು. ವಿಚಾರ ದೊಡ್ಡದು. ಕೊಟ್ಟ ದುಡ್ಡು ನೋಡಿ. 2010ರ ದರದಲ್ಲಿ ಹಾಸ್ಟೆಲ್‌ನಲ್ಲಿ ಇರೋ ಪಿಯುಸಿ ಮಕ್ಕಳಿಗೆ ತಿಂಗಳಿಗೆ 380 ರೂಪಾಯಿ. ದಿನಕ್ಕೆ 13 ರೂಪಾಯಿಗೂ ಕಡಿಮೆ. ವೃತ್ತಿಪರ ಕೋರ್ಸಿನ ಮೇಲಿನ ಗುಂಪಿಗೆ 1,200. 2021ರಲ್ಲಿ ಪರಿಷ್ಕರಣೆ ಅಂತ ಮಾಡಿದ್ರು. ತಿಂಗಳ ಲೆಕ್ಕ ಹೋಗಿ ವರ್ಷದ ಲೆಕ್ಕ ಬಂತು: ಮೇಲಿನ ಗುಂಪಿನ ಹಾಸ್ಟೆಲ್ ವಿದ್ಯಾರ್ಥಿಗೆ ವರ್ಷಕ್ಕೆ 13,500, ಪಿಯುಸಿ ಗುಂಪಿಗೆ 4,000. ನಾಲ್ಕು ಸಾವಿರವನ್ನ 12ರಿಂದ ಭಾಗಿಸಿದ್ರೆ 333. ಹತ್ತು ತಿಂಗಳಿಗೇ ಹಂಚಿದ್ರೂ 400. ಹನ್ನೊಂದು ವರ್ಷದಲ್ಲಿ ತೊಗರಿಬೇಳೆ ಬೆಲೆ ಎಷ್ಟಾಯ್ತು ಅಂತ ನಿಮ್ಮಮ್ಮನ್ನ ಕೇಳಿ.

ನಮ್ಮ ಸಮಾಜ ಕಲ್ಯಾಣ ಹಾಸ್ಟೆಲ್‌ಗಳ ಕತೆ ಗೊತ್ತೇ ಇದೆ. ಹುಳು ಬಿದ್ದ ಅಕ್ಕಿ, ನೀರಿನಂಥ ಸಾರು, ಲೆಕ್ಕದಲ್ಲಿ ಮಾತ್ರ ಇರೋ ಮೊಟ್ಟೆ, ತಟ್ಟೆ ಹಿಡ್ಕೊಂಡು ಡಿಸಿ ಆಫೀಸಿಗೆ ನಡೆದ ಮಕ್ಕಳು. ಇಷ್ಟಾದ್ರೂ ಆ ಊಟದ ಸಾಲಲ್ಲೇ ನಮ್ಮ ಚಳವಳಿ ಹುಟ್ಟಿದ್ದು. 1973ರ ನವೆಂಬರಿನಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರು ಬೂಸಾ ಮಾತಾಡಿದಾಗ ಗಲಾಟೆಕೋರರು ಹುಡುಕಿಕೊಂಡು ಹೋದದ್ದು ದಲಿತ ವಿದ್ಯಾರ್ಥಿಗಳಿರೋ ಹಾಸ್ಟೆಲ್‌ಗಳನ್ನ. ಹಾಸ್ಟೆಲ್ ಹುಡುಗರು ಅಲ್ಲೇ ಒಗ್ಗೂಡಿದ್ರು, ದಲಿತ ಸಂಘರ್ಷ ಸಮಿತಿಗೆ ಮೊದಲ ತಲೆಮಾರಿನ ಕಾರ್ಯಕರ್ತರನ್ನ ಕೊಟ್ಟದ್ದು ಈ ಹಾಸ್ಟೆಲ್‌ಗಳೇ. ಸಿದ್ಧಲಿಂಗಯ್ಯನವರ 'ಊರು ಕೇರಿ' ಓದಿ, ಹಾಸ್ಟೆಲ್ ಅನ್ನೋದು ಆ ತಲೆಮಾರಿಗೆ ಏನಾಗಿತ್ತು ಅಂತ ಗೊತ್ತಾಗುತ್ತೆ. ಊಟ ಕೆಟ್ಟದಾಗಿತ್ತು, ಪಂಕ್ತಿ ಒಂದೇ ಇತ್ತು.

ಈಗ ದೊಡ್ಡ ಕ್ಯಾಂಪಸ್‌ಗಳಿಗೆ ಬರೋಣ. ಮೀಸಲಾತಿಯಿಂದ ನಮ್ಮ ಮಕ್ಕಳು ಕೇಂದ್ರೀಯ ವಿವಿಗಳಿಗೆ, ಐಐಟಿಗಳಿಗೆ, ಏಮ್ಸ್‌ಗೆ ಹೋದ್ರು. ಅಲ್ಲಿ ನಮ್ಮದೇ ಹಾಸ್ಟೆಲ್ ಇಲ್ಲ, ಎಲ್ಲರಿಗೂ ಒಂದೇ ಮೆಸ್. ಅಂದ್ರೆ ಚೇರನ್‌ಮಹಾದೇವಿಯ ಪ್ರಶ್ನೆ ಮತ್ತೆ ಎದ್ದು ನಿಂತಿತು. ದೆಹಲಿಯ ಏಮ್ಸ್ ಬಗ್ಗೆ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ ಹಾಸ್ಟೆಲ್ ಕೋಣೆ, ಆಟದ ಮೈದಾನದ ಜೊತೆ ಮೆಸ್ ಕೂಡ ಇದೆ. ದೇಶದ ಅತಿ ಬುದ್ಧಿವಂತ ವೈದ್ಯರಾಗೋರು ಯಾರ ಜೊತೆ ಕೂತು ಉಣ್ಣಬೇಕು ಅಂತ ಲೆಕ್ಕ ಹಾಕ್ತಿದ್ದರು. ಹೈದರಾಬಾದ್ ಕೇಂದ್ರೀಯ ವಿವಿಯಲ್ಲಿ 2002ರ ಜನವರಿಯಲ್ಲಿ 10 ಮಂದಿ ದಲಿತ ವಿದ್ಯಾರ್ಥಿಗಳನ್ನ ಹೊರಹಾಕಿದ್ರು. ಆ ಸಂಘರ್ಷದ ಹಿಂದೆ ಇದ್ದದ್ದು ಹಾಸ್ಟೆಲ್ ಮೆಸ್ಸಿನ ಆಡಳಿತ, ಖರೀದಿಯ ಅಧಿಕಾರ ಯಾರ ಕೈಲಿ ಅನ್ನೋ ವಿಷಯ. ಅದೇ ಕ್ಯಾಂಪಸ್ಸಲ್ಲಿ 13 ವರ್ಷದ ನಂತರ ಐವರು ದಲಿತ ಸಂಶೋಧಕರನ್ನ ಹಾಸ್ಟೆಲ್‌ನಿಂದ ಆಚೆ ಹಾಕಿ, ಎಲ್ಲರೂ ಸೇರೋ ಜಾಗಗಳಿಗೆ ಬರಬೇಡಿ ಅಂದ್ರು. ಅವರು ಬಯಲಲ್ಲಿ ವೆಲಿವಾಡ ಕಟ್ಟಿಕೊಂಡು ಮಲಗಿದ್ರು. ರೋಹಿತ್ ವೇಮುಲಗೆ 2015ರ ಜುಲೈನಿಂದ ಫೆಲೋಶಿಪ್ ಬಂದಿರಲಿಲ್ಲ. 2016ರ ಜನವರಿ 17ರ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯಲ್ಲ, ನಿಮಗೆಲ್ಲ ಗೊತ್ತು. ಏಳು ತಿಂಗಳ ಫೆಲೋಶಿಪ್ ಅಂದ್ರೆ ಏಳು ತಿಂಗಳ ಮೆಸ್ ಬಿಲ್ ಕೂಡ ಅಂತ ನೆನಪಿಡಿ.

ಉಸ್ಮಾನಿಯಾದಲ್ಲಿ 2012ರ ಏಪ್ರಿಲ್‌ನಲ್ಲಿ ದಲಿತ ಹುಡುಗರು ಬೀಫ್ ಹಬ್ಬ ಮಾಡಿ, ನಮ್ಮ ಊಟವೂ ಹಾಸ್ಟೆಲ್ ಮೆನುವಿಗೆ ಬರಲಿ ಅಂದ್ರು. ಕಲ್ಲು ಬಿತ್ತು, ಕೇಸು ಬಿತ್ತು. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾನುವಾರು ಹತ್ಯೆ ನಿಷೇಧದ ಹೊಸ ಕಾನೂನು ಜಾರಿಯಾದ ಮೇಲೆ ಆ ಚರ್ಚೆ ಶುರುವಾಗೋ ಮೊದಲೇ ಮುಗಿದಿದೆ.

ಈಗ ತಟ್ಟೆಗೆ ವಾಪಸ್ ಬರ್ತೀನಿ. 2018ರ ಜನವರಿ, ಐಐಟಿ ಬಾಂಬೆ. ಒಂದು ಹಾಸ್ಟೆಲ್‌ನ ಮೆಸ್ ಪ್ರತಿನಿಧಿಯಿಂದ ಎಲ್ಲರಿಗೂ ಇಮೇಲ್: ಮಾಂಸ ತಿನ್ನೋರು ದಯವಿಟ್ಟು ಟ್ರೇ ಥರದ ತಟ್ಟೆಗಳನ್ನೇ ಬಳಸಿ, ಮುಖ್ಯ ತಟ್ಟೆ ಬಳಸಬೇಡಿ, ಸಸ್ಯಾಹಾರಿಗಳ ದೂರು ಬಂದಿದೆ ಅಂತ. ಸಿಮುಲಿಯಾದ ವೈದ್ಯರ ಮನೆಯಿಂದ ಪೊವಾಯಿಯ ಈ ಮೆಸ್ಸಿಗೆ ನೂರಕ್ಕೂ ಹೆಚ್ಚು ವರ್ಷ. ನಡುವೆ ಸಂವಿಧಾನ ಬಂದು ಹೋಗಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಐಐಟಿ ಮದ್ರಾಸ್‌ನ ಒಂದು ಮೆಸ್ಸಲ್ಲಿ ವೆಜ್‌ಗೆ ಬೇರೆ ಬಾಗಿಲು, ನಾನ್‌ವೆಜ್‌ಗೆ ಬೇರೆ ಬಾಗಿಲು, ಕೈತೊಳೆಯೋ ಬೇಸಿನ್ ಕೂಡ ಬೇರೆ ಅಂತ ಪೋಸ್ಟರ್ ಬಿತ್ತು. ಹುಡುಗರು ಫೋಟೋ ಹಾಕಿ ಗದ್ದಲ ಮಾಡಿದ ಮೇಲೆ ಪೋಸ್ಟರ್ ತೆಗೆದ್ರು. ಮಾಂಸ ತಿಂದ ಕೈ ತೊಳೆದ ನೀರು ಬೇಸಿನ್ನಿನ ತೂತಲ್ಲೇ ಹೋಗೋದಲ್ವಾ? ಮುಂದಿನವನಿಗೆ ಅದರಿಂದ ಏನು ತಗಲುತ್ತೆ? ಯಾವ ವಿಜ್ಞಾನದ ಪುಸ್ತಕದಲ್ಲೂ ಉತ್ತರ ಇಲ್ಲ, ಮನುಸ್ಮೃತಿಯ ಮನಸ್ಸಿಗೆ ಮಾತ್ರ ಗೊತ್ತು.

2023ರಲ್ಲಿ ಮತ್ತೆ ಐಐಟಿ ಬಾಂಬೆ. ಜುಲೈನಲ್ಲಿ 12ನೇ ಹಾಸ್ಟೆಲ್ ಕ್ಯಾಂಟೀನಿನ ಗೋಡೆ ಮೇಲೆ, ಇಲ್ಲಿ ಸಸ್ಯಾಹಾರಿಗಳು ಮಾತ್ರ ಕೂರಬೇಕು ಅನ್ನೋ ಪೋಸ್ಟರ್. ಅಂಬೇಡ್ಕರ್ ಪೆರಿಯಾರ್ ಫುಲೆ ಸ್ಟಡಿ ಸರ್ಕಲ್‌ನ ಹುಡುಗರು ಕೆದಕಿದಾಗ ಅಂಥ ನಿಯಮವೇ ಇಲ್ಲ ಅಂತ ಗೊತ್ತಾಯ್ತು. ನಿಯಮ ಇಲ್ಲದಿದ್ರೆ ಮಾಡಿದ್ರಾಯ್ತು! ಸೆಪ್ಟೆಂಬರ್ ಕೊನೆಗೆ 12, 13, 14ನೇ ಹಾಸ್ಟೆಲ್‌ಗಳ ಮೆಸ್ ಮಂಡಳಿ ಆರು ಟೇಬಲ್‌ಗಳನ್ನ ಸಸ್ಯಾಹಾರಕ್ಕೆ ಮೀಸಲಿಟ್ಟಿತು. ಕಾರಣ, ಕೆಲವರಿಗೆ ಮಾಂಸದ ನೋಟ, ವಾಸನೆ ಸಹಿಸಲಾಗದು. ಕೆಲವು ವಿದ್ಯಾರ್ಥಿಗಳು ಅದೇ ಟೇಬಲ್ಲಲ್ಲಿ ಕೂತು ಮಾಂಸ ಉಂಡು ಪ್ರತಿಭಟಿಸಿದ್ರು. ಒಬ್ಬ ವಿದ್ಯಾರ್ಥಿಗೆ 10,000 ರೂಪಾಯಿ ದಂಡ. ಚೇರನ್‌ಮಹಾದೇವಿಗೆ ಕಾಂಗ್ರೆಸ್ ಒಪ್ಪಿದ ಮೊತ್ತವೂ 10,000. ಕಾಕತಾಳೀಯ, ಆದ್ರೆ ನಾನಂತೂ ಮರೆಯಲ್ಲ.

ಇದು ಆಹಾರದ ವಿಷಯ, ಜಾತಿ ಯಾಕೆ ತರ್ತೀರಿ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸಸ್ಯಾಹಾರ ತಿನ್ನೋರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ನಮ್ಮ ಮನೆಗಳಲ್ಲೂ ಸೋಮವಾರ ಬಿಡೋರಿದ್ದಾರೆ, ಬುದ್ಧನ ಹೆಸರಲ್ಲಿ ಬಿಟ್ಟೋರಿದ್ದಾರೆ. ಅಡುಗೆ ಬೇರೆ ಮಾಡಿ, ಸೌಟು ಬೇರೆ ಇಡಿ, ಬಡಿಸೋ ಕೌಂಟರ್ ಬೇರೆ ಇರಲಿ. ತಿನ್ನೋ ಪದಾರ್ಥ ಬೇರೆಯಾಗೋದು ಆಯ್ಕೆ. ಕೂರೋ ಬೆಂಚು, ತಟ್ಟೆ, ಬಾಗಿಲು, ಕೈತೊಳೆಯೋ ನೀರು ಬೇರೆಯಾಗೋದು ಪಂಕ್ತಿಭೇದ. 2014ರ ಸರ್ಕಾರಿ ಸಮೀಕ್ಷೆ ಪ್ರಕಾರ ದೇಶದಲ್ಲಿ ಹತ್ತಕ್ಕೆ ಏಳು ಮಂದಿ ಮಾಂಸ ತಿನ್ನೋರು, ಕರ್ನಾಟಕದಲ್ಲಿ ಇನ್ನೂ ಹೆಚ್ಚು. ಬಹುಸಂಖ್ಯಾತರ ಊಟಕ್ಕೆ 'ನಾನ್' ಅಂತ ಹೆಸರಿಟ್ಟು, ಅಲ್ಪಸಂಖ್ಯಾತರ ಊಟವನ್ನ 'ಸಾಮಾನ್ಯ' ಮಾಡಿದ್ದು ಯಾರ ಅಡುಗೆಮನೆ?

ಇನ್ನು ಫಾರ್ಮ್ ವಿಷಯ. ಮೊದಲ ವರ್ಷದ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮುಂಗಡ ಪ್ಲಾನ್ ಅಂದ್ರೆ ಸೆಮಿಸ್ಟರ್ ಶುರುವಲ್ಲೇ ಮೆಸ್ ದುಡ್ಡು ಪೂರ್ತಿ ಕಟ್ಟೋದು. ನಿಮ್ಮ ಸ್ಕಾಲರ್‌ಶಿಪ್ ಬರೋದು ಯಾವಾಗಲೋ, ಮೆಸ್ ಕೇಳೋದು ಮೊದಲ ವಾರ. ಆ ಸಂದಿಯಲ್ಲೇ ನಮ್ಮ ಅಪ್ಪಂದಿರು ಬಡ್ಡಿ ಸಾಲ ಮಾಡೋದು. ಸ್ಕಾಲರ್‌ಶಿಪ್ ಮಂಜೂರಾತಿ ತೋರಿಸಿದ್ರೆ ಗಡುವು ಮುಂದಕ್ಕೆ ಹಾಕ್ತೀರಾ ಅಂತ ಲಿಖಿತವಾಗಿ ಕೇಳಿ, ಬಾಯಿಮಾತು ನಂಬಬೇಡಿ. ಡಿವೈಡಿಂಗ್ ಅಂದ್ರೆ ತಿಂಗಳ ಒಟ್ಟು ಖರ್ಚನ್ನ ಉಂಡ ದಿನಗಳ ಮೇಲೆ ಎಲ್ಲರಿಗೂ ಹಂಚೋದು. ಸರಿಯಾಗಿ ನಡೆದ್ರೆ ಇದೇ ಅಗ್ಗ. ಆದ್ರೆ ಮೆಸ್ ಕಮಿಟಿಯಲ್ಲಿ ನಮ್ಮವರು ಯಾರೂ ಇಲ್ಲದಿದ್ರೆ, ತಿಂಗಳ ಕೊನೆಯ ಹಬ್ಬದೂಟದಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡೋರು ಒಬ್ಬರು, ದುಡ್ಡು ಕೊಡೋರು ಇನ್ನೊಬ್ಬರು. ಊರಿಗೆ ಹೋಗೋ ಮುಂಚೆ ಎಷ್ಟು ದಿನ ಮೊದಲು ಬರೆದುಕೊಟ್ರೆ ಬಿಲ್ಲಲ್ಲಿ ಕಡಿತ ಸಿಗುತ್ತೆ ಅನ್ನೋದನ್ನ ಮೊದಲ ದಿನವೇ ತಿಳ್ಕೊಳ್ಳಿ. ಕೂಪನ್ ಅಂದ್ರೆ ಉಂಡಷ್ಟಕ್ಕೆ ದುಡ್ಡು. ಸ್ವಾತಂತ್ರ್ಯ ಇದ್ದ ಹಾಗೆ ಕಾಣುತ್ತೆ. ಜೇಬು ಖಾಲಿಯಾದ ವಾರ ನಮ್ಮ ಹುಡುಗ್ರು ಬೆಳಗಿನ ತಿಂಡಿ ಬಿಡ್ತಾರೆ, ಆಮೇಲೆ ರಾತ್ರಿ ಊಟ ಬಿಡ್ತಾರೆ, ಯಾರಿಗೂ ಹೇಳಲ್ಲ. ದುಡ್ಡಿನ ಆತಂಕ ಇರೋರು ಕೂಪನ್‌ಗೆ ಹೋಗಬೇಡಿ ಅಂತಲೇ ನನ್ನ ಸಲಹೆ. ಮೂರೂ ಪದ್ಧತಿಯಲ್ಲಿ ಮೊಟ್ಟೆ, ಕೋಳಿ ಬಹುತೇಕ ಕಡೆ 'ಎಕ್ಸ್‌ಟ್ರಾ'. ಪನ್ನೀರ್ ಮೂಲ ಬಿಲ್ಲಲ್ಲಿ ಸೇರಿದ್ಯಾ ಅಂತ ಕೇಳಿ ನೋಡಿ.

ಬಾಕಿ ಉಳಿದ್ರೆ ನೋ ಡ್ಯೂಸ್ ಸಿಗಲ್ಲ, ಹಾಲ್ ಟಿಕೆಟ್ ತಡೆಯೋರೂ ಇದ್ದಾರೆ. ಹಾಗೆ ತಡೆದ್ರೆ ಸುಮ್ಮನಿರಬೇಡಿ. ಯುಜಿಸಿ 2012ರಲ್ಲಿ ತಂದ ನಿಯಮಾವಳಿಯಲ್ಲೇ ಸಮಾನ ಅವಕಾಶ ಕೋಶ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತ ಇತ್ತು. ನಿಮ್ಮ ಕಾಲೇಜಲ್ಲಿ ಆ ಅಧಿಕಾರಿ ಯಾರು ಅಂತ ಪ್ರಿನ್ಸಿಪಾಲರನ್ನ ಕೇಳಿ. ಬಹಳ ಕಡೆ ಕೇಳಿದ ದಿನವೇ ಒಬ್ಬರನ್ನ ನೇಮಿಸ್ತಾರೆ, ಅದೂ ಒಂದು ಲಾಭ.

ಒಂದು ಕೆಲಸ ಮಾಡಿ. ನಿಮ್ಮ ಕಾಲೇಜಿನ ಮೆಸ್ ಫಾರ್ಮ್, ಮೆಸ್ ಕಮಿಟಿಯ ನೋಟಿಸ್, ಗೋಡೆ ಮೇಲಿನ ಪೋಸ್ಟರ್ ಏನೇ ಇದ್ರೂ ಫೋಟೋ ತೆಗೆದು ಇನ್‌ಬಾಕ್ಸ್‌ಗೆ ಕಳಿಸಿ. ಹೆಸರು ಹಾಕಲ್ಲ. ಬೇರೆ ಟೇಬಲ್, ಬೇರೆ ತಟ್ಟೆ ಅಂತ ಎಲ್ಲಿದೆಯೋ ಅಲ್ಲಿ ಆ ನಿಯಮ ಯಾವ ಸಭೆಯಲ್ಲಿ ಆಯ್ತು, ನಡಾವಳಿ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಅರ್ಜಿ ಶುಲ್ಕ 10 ರೂಪಾಯಿ. ಬರೆಯೋದು ಗೊತ್ತಿಲ್ಲದವರಿಗೆ ನಾವು ಬರ್ಕೊಡ್ತೀವಿ.